ಮಾವನ ಕ್ಯಾಸೆಟ್ ಬಾಸ್ಕೆಟ್‌ಬಾಲ್

ನಮ್ಮ ಸೋದರಮಾವನಷ್ಟು ಬಾಸ್ಕೆಟ್‌ಬಾಲ್ ಬಲ್ಲ ಮನುಷ್ಯ ಆ ಕಾಲದಲ್ಲಿ ಇಡೀ ಒಮಾನಿನಲ್ಲಿ ಇನ್ನೊಬ್ಬನಿರಲಿಲ್ಲ. ಅವರು ಜನ್ಮದಲ್ಲಿ ಒಂದು ಪಂದ್ಯವನ್ನೂ ಕಣ್ಣಿಂದ ನೋಡಿರಲಿಲ್ಲ ಎನ್ನುವುದು ಬೇರೆ ಮಾತು! ನೋಡಿದವರಿಗೆಲ್ಲ ವಿದ್ಯೆ ಬಂದುಬಿಡುತ್ತದೆಯೇ? ನಾನು ಗಣಿತದ ಮೇಷ್ಟ್ರನ್ನು ಮೂರು ವರ್ಷ ಎದುರಿಗೇ ಕೂತು ನೋಡಿದ್ದೇನೆ. ಏನು ಬಂತು? ಅವರ ಕೆಮ್ಮು ಬಂತು. ಇವತ್ತಿಗೂ ಅದನ್ನು ಯಥಾವತ್ತಾಗಿ ಕೆಮ್ಮಬಲ್ಲೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮಾವ ಮಸ್ಕತಿನಲ್ಲಿ ಏರ್‌ಕಂಡೀಷನರ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಬಾಸ್‌ಗೆ ದುಂಬಾಲು ಬಿದ್ದು ನನಗೂ ವೀಸಾ ಮಾಡಿಸಿ, ಅದೇ ಕಂಪನಿಗೆ ಟೈಪಿಸ್ಟಾಗಿ ತರಿಸಿಕೊಂಡಿದ್ದರು. ನಾನು ಬಂದು ತಿಂಗಳಾಗುವುದರೊಳಗೆ ಆ ಬಾಸ್ ನಡೆಯುವ ರೀತಿಯನ್ನು ಕ್ಯಾಂಟೀನಿನಲ್ಲಿ ನಡೆದು ತೋರಿಸಿ, ಹಿಂದೆ ತಿರುಗಿದರೆ ಬಾಸೇ ನಿಂತಿದ್ದರು. ಮಾವ ಮತ್ತೆ ದುಂಬಾಲು ಬೀಳಬೇಕಾಯಿತು. ಅಲ್ ಅಜೈಬಾದ ಎರಡು ಕೋಣೆಯ ಫ್ಲಾಟಿನಲ್ಲಿ ಮಾವ, ಅತ್ತೆ. ಹಾಲಿನ ಸೋಫಾದ ಮೇಲೆ ನಾನು.

ಅವರ ಒಬ್ಬಳೇ ಮಗಳು ಆ ವರ್ಷವೇ ಮಸ್ಕತಿನ ಶಾಲೆ ಮುಗಿಸಿ, ಊರಿನ ಕಡೆಯ ಸಣ್ಣದೊಂದು ಮಹಿಳಾ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಸೇರಿದವಳು ಸುಮ್ಮನಿರಬೇಕಲ್ಲ, ಬಾಸ್ಕೆಟ್‌ಬಾಲ್ ಟೀಮಿಗೂ ಸೇರಿಬಿಟ್ಟಳು. ಆ ಸುತ್ತಿನ ಆರು ಸಣ್ಣ ಕಾಲೇಜುಗಳು ಕೂಡಿ ಹುಡುಗಿಯರಿಗೊಂದು ಲೀಗ್ ನಡೆಸುತ್ತಿದ್ದವು. ಪ್ರತಿ ಟೀಮೂ ಉಳಿದ ಐದರ ಜೊತೆ ಎರಡೆರಡು ಸಲ, ವರ್ಷಕ್ಕೆ ಹತ್ತು ಪಂದ್ಯ. ಮಳೆ ಬಿಟ್ಟ ಮೇಲೆ ಶುರು, ಪರೀಕ್ಷೆಗೆ ಮುಂಚೆ ಮುಕ್ತಾಯ. ಊರಿನ ಪೇಪರಿನವರಿಗೂ ಗೊತ್ತಿರದ ಈ ಲೀಗಿನ ಹುಚ್ಚು ಮಾವನಿಗೆ ಹಿಡಿಯಿತು. ಆದರೆ ಅವರಿಗೆ ಊರಿಗೆ ಹೋಗಲು ರಜೆ ಸಿಗುತ್ತಿದ್ದುದು ಎರಡು ವರ್ಷಕ್ಕೊಮ್ಮೆ. ಅದೂ ಮೇ ತಿಂಗಳಲ್ಲಿ, ಅಂಕಣದಲ್ಲಿ ನಾಯಿಗಳು ಮಾತ್ರ ಓಡುವಾಗ!

ಇದಕ್ಕೆ ಪರಿಹಾರ ಕ್ಯಾಸೆಟ್. ಆಗ ಗಲ್ಫಿನವರೆಲ್ಲ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅಲ್ಲಿಂದಲೂ ಹಾಗೆಯೇ ಬರುತ್ತಿತ್ತು. ಬೇರೆ ಮನೆಗಳಿಗೆ ಅಜ್ಜಿಯ ಮಂಡಿನೋವು, ಮಗುವಿನ ಮೊದಲ ತೊದಲು ಬರುತ್ತಿದ್ದರೆ ನಮ್ಮ ಮನೆಗೆ ಬಾಸ್ಕೆಟ್‌ಬಾಲ್ ಬರುತ್ತಿತ್ತು. ಕಾಮೆಂಟರಿ ಹೇಳುತ್ತಿದ್ದವರು ಅತ್ತೆಯ ಅಣ್ಣ. ಮಾವ ಅವರನ್ನು ಭಾವ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಭಾವನಿಗೂ ಬಾಸ್ಕೆಟ್‌ಬಾಲಿಗೂ ಸಂಬಂಧವಿರಲಿಲ್ಲ. ಅವರು ಕಂಬಳದಲ್ಲಿ ಮೈಕ್ ಹಿಡಿಯುವವರು. ಕೋಣಗಳು ಗದ್ದೆಗೆ ಇಳಿಯುವಾಗ ಮನೆತನ, ಯಜಮಾನ, ಓಡಿಸುವವ ಎಂದು ಒಂದೂ ಬಿಡದೆ ಸಾರುವುದು ಅವರ ಕ್ರಮ. ಆ ಕ್ರಮವನ್ನೇ ಹುಡುಗಿಯರಿಗೂ ತಂದರು.

“ಮಹಾಜನಗಳೇ! ಚೆಂಡು ಈಗ, ಕೆಳಗಿನಮನೆ ದಿವಂಗತ ಕೊರಗಪ್ಪಣ್ಣನವರ ಮೊಮ್ಮಗಳು, ಪೋಸ್ಟ್‌ಮಾಸ್ಟರ್ ಸಂಜೀವಣ್ಣನವರ ಎರಡನೇ ಮಗಳು, ಕುಮಾರಿ ಶಶಿಕಲಾ ಇವರ ಕೈಯಲ್ಲಿ...”

ಅಷ್ಟರಲ್ಲಿ ಚೆಂಡು ಶಶಿಕಲಾಳ ಕೈಬಿಟ್ಟು, ಇನ್ನೆರಡು ಮನೆತನ ದಾಟಿ, ಎದುರಿನವರ ಬುಟ್ಟಿಗೆ ಬಿದ್ದಾಗಿರುತ್ತಿತ್ತು! ಒಂದು ಪಂದ್ಯ ಮುಗಿಯುವಾಗ ನಮಗೆ ಸ್ಕೋರು ಗೊತ್ತಾಗದಿದ್ದರೂ ಹತ್ತು ಹುಡುಗಿಯರಿಗೆ ಸಂಬಂಧ ಕುದುರಿಸುವಷ್ಟು ವಿವರ ಗೊತ್ತಾಗಿರುತ್ತಿತ್ತು.

ಕೇಳುವುದಕ್ಕೂ ವಿಧಿವಿಧಾನ ಉಂಟು. ಶುಕ್ರವಾರ ಊಟವಾದ ಮೇಲೆ, ಕಿಟಕಿ ಮುಚ್ಚಿ, ಎಸಿ ಬಂದ್ ಮಾಡಿ, ಟೇಪ್‌ರೆಕಾರ್ಡರಿನ ಮುಂದೆ ಮಾವ ನೆಲದ ಮೇಲೆ. ಗುಂಡಿ ಒತ್ತುವ ಕೆಲಸ ನನ್ನದು. ಬೆವರುವ ಕೆಲಸ ಎಲ್ಲರದು.

ಇನ್ನೊಂದು ಕಟ್ಟುನಿಟ್ಟು: ಫಲಿತಾಂಶವನ್ನು ಯಾರೂ ಮುಂಚೆ ಹೇಳಕೂಡದು. ಬೀದಿ ತಿರುವಿನಲ್ಲಿ ನಮ್ಮ ಊರಿನ ಬ್ಯಾರಿಗಳ ಒಂದು ಅಂಗಡಿಯಿತ್ತು. ಯಜಮಾನರನ್ನು ಎಲ್ಲರೂ ಕಾಕ ಎನ್ನುತ್ತಿದ್ದೆವು. ಅವರು ಒಮ್ಮೆ ಊರಿಗೆ ಹೋದವರು ಕ್ಯಾಸೆಟ್ ತಂದರು.

“ಏರ್‌ಪೋರ್ಟಲ್ಲಿ ಆಫೀಸರ ಇದನ್ನು ಹಾಕಿ ಕೇಳಿದ ಮಾರಾಯ್ರೆ,” ಎಂದರು ಕಾಕ. “ಒಂದು ಗಂಡಸು ಬೊಬ್ಬೆ ಹಾಕ್ತದೆ, ಹಿಂದೆ ನೂರು ಹೆಣ್ಣುಮಕ್ಕಳು ಬೊಬ್ಬೆ ಹಾಕ್ತಾರೆ. ಎಂತ ಇದು ಕೇಳಿದ. ಹುಡುಗಿಯರ ಆಟ ಅಂದೆ. ಹತ್ತು ನಿಮಿಷ ಕೇಳಿದ. ಕಡೆಗೆ, ಖಲಾಸ್, ಹೋಗು ಅಂದ. ನಾಲ್ಕು ಹೆಜ್ಜೆ ಹೋಗಿದ್ದೆ, ಪುನಃ ಕರೆದ! ನನ್ನ ಜೀವ ಬಾಯಿಗೆ ಬಂತು. ಕಡೆಗೆ ಗೆದ್ದದ್ದು ಯಾರು ಅಂತ ಕೇಳ್ಬೇಕಾ ಅವ!”

“ನೀವು ಹೇಳಿದ್ರಾ?” ಮಾವನಿಗೆ ಗಾಬರಿ.

“ಹೇಳದೆ ಆಗ್ತದಾ? ನಿಮ್ಮ ಭಾವ ಕೊಡುವಾಗಲೇ ಹೇಳಿದ್ರಲ್ಲ, ನಮ್ಮ ಟೀಮು...”

ಮಾವ ಎರಡೂ ಕಿವಿ ಮುಚ್ಚಿಕೊಂಡು ಅಂಗಡಿಯಿಂದ ಓಡಿದರು. ಕ್ಯಾಸೆಟ್ ಕೌಂಟರಿನ ಮೇಲೇ ಉಳಿಯಿತು. ಆಮೇಲೆ ನಾನೇ ಹೋಗಿ ತಂದೆ. ಒಂದು ವಾರ ಮಾವನ ಮುಖ ಗಂಟು. ಅವರಿಗಿಂತ ಮೊದಲು ಕಸ್ಟಮ್ಸ್‌ನವನಿಗೆ ರಿಸಲ್ಟ್ ಗೊತ್ತಾಯಿತಲ್ಲ!

ಇಷ್ಟೆಲ್ಲ ಸರಿ. ಆದರೆ ಒಂದು ಸಣ್ಣ ತೊಂದರೆಯಿತ್ತು. ಟೀಮಿನಲ್ಲಿದ್ದವರು ಹನ್ನೆರಡು ಹುಡುಗಿಯರು, ಆಡುವವರು ಐವರು. ನಮ್ಮವಳು ಹನ್ನೆರಡನೆಯವಳು. ಎರಡು ವರ್ಷ, ಇಪ್ಪತ್ತು ಪಂದ್ಯ, ಇಪ್ಪತ್ತು ಕ್ಯಾಸೆಟ್; ಅವಳನ್ನು ಒಂದು ನಿಮಿಷಕ್ಕೂ ಇಳಿಸಿರಲಿಲ್ಲ. ಇದು ಮೂರನೆಯ ವರ್ಷ, ಬಿ.ಕಾಂ.ನ ಕೊನೆಯ ವರ್ಷ. ಇನ್ನು ಹತ್ತು ಪಂದ್ಯ. ಇಳಿದರೆ ಇದರಲ್ಲಿ, ಇಲ್ಲದಿದ್ದರೆ ಇಲ್ಲ.

ಅತ್ತೆ ನೇರ ಮಾತಿನವರು. “ಅವಳು ಅಲ್ಲಿ ಹೋಗಿ ಮಾಡುವುದೆಂತ? ಬಾಟ್ಲಿಗೆ ನೀರು ತುಂಬಿಸುವುದು. ಅದನ್ನು ಇಲ್ಲೇ ನನ್ನ ಅಡಿಗೆಮನೆಯಲ್ಲಿ ಮಾಡಬಹುದಿತ್ತು. ಆಟ ಬಿಟ್ಟು ಓದು ಅಂತ ಬರೀರಿ.”

“ಈ ಸಲ ಇಳಿಸ್ತಾರೆ, ನೋಡು,” ಎನ್ನುತ್ತಿದ್ದರು ಮಾವ.

“ಕಳೆದ ಸಲವೂ ಹೇಳಿದ್ರಿ.”

“ಕಳೆದ ಸಲ ಬೇರೆ. ಈ ಸಲ ಪೋಸ್ಟ್‌ಮಾಸ್ಟರರ ಮಗಳಿಗೆ ಕಾಲು ಉಳುಕಿದೆ.”

ಪಾಪ ಆ ಶಶಿಕಲಾ! ಒಮಾನಿನ ಒಬ್ಬ ಸ್ಟೋರ್‌ಕೀಪರು ತನ್ನ ಕಾಲಿನ ಊತ ಇಳಿಯದಿರಲಿ ಎಂದು ಹಾರೈಸುತ್ತಿದ್ದಾನೆಂದು ಅವಳಿಗೇನು ಗೊತ್ತು? ಅದೂ ಇಳಿಯಿತು, ಅವಳೂ ಇಳಿದಳು.

ಒಂದು ಶುಕ್ರವಾರ ನಾನೇ ಮಾವನನ್ನು ಒತ್ತಾಯಿಸಿ ಅಲ್ಲಿನ ಶಾಲೆಯೊಂದರಲ್ಲಿ ಹುಡುಗಿಯರ ನಿಜವಾದ ಪಂದ್ಯಕ್ಕೆ ಕರೆದುಕೊಂಡು ಹೋದೆ. ಮಾವ ಎರಡು ನಿಮಿಷ ಚಡಪಡಿಸಿದರು. ಆಮೇಲೆ ಕುರ್ಚಿಯನ್ನು ತಿರುಗಿಸಿ, ಅಂಕಣಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತರು!

“ಈಗ ಹೇಳು. ಚೆಂಡು ಯಾರ ಮಗಳ ಹತ್ರ ಉಂಟು?”

“ನನಗೆ ಹೇಗೆ ಗೊತ್ತು ಮಾವ? ಏಳನೇ ನಂಬರಿನ ಹತ್ರ.”

“ನಂಬರ್ ಹೇಳಿದ್ರೆ ಎಂತ ಗೊತ್ತಾಗ್ತದೆ? ಓಡುವುದು ಹುಡುಗಿಯಾ, ನಂಬರಾ?”

ಅರ್ಧದಲ್ಲೇ ಎದ್ದು ಬಂದೆವು. ಆಟ ಗೊತ್ತಿಲ್ಲದವರೆಲ್ಲ ಆಡ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದರು.

ಇಂಥವರು ಮನೆಯಲ್ಲಿರುವಾಗ ನನ್ನಂಥವನ ನಾಲಿಗೆ ಸುಮ್ಮನಿರುತ್ತದೆಯೇ? ಭಾವನ ಕಾಮೆಂಟರಿ ನನಗೆ ಬಾಯಿಪಾಠವಾಗಿತ್ತು. ಆರು ಪಂದ್ಯ ಮುಗಿದು ಏಳನೆಯ ಕ್ಯಾಸೆಟ್ಟಿಗೆ ಕಾಯುತ್ತಿದ್ದ ಒಂದು ಬೆಳಿಗ್ಗೆ ಮಾವ ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದರು. ನಾನು ಹಾಲಿನಲ್ಲಿ ನಿಂತು ಭಾವನ ಸ್ವರ ತೆಗೆದೆ. “ಮಹಾಜನಗಳೇ! ಬೆಂಚಿನಿಂದ ಎದ್ದು ಈಗ ಅಂಕಣಕ್ಕೆ ಇಳಿಯುತ್ತಿದ್ದಾರೆ, ಮಸ್ಕತ್ ನಿವಾಸಿ ಸ್ಟೋರ್‌ಕೀಪರರ ಏಕಮಾತ್ರ ಸುಪುತ್ರಿ...”

ಮಾವ ಓಡಿ ಬಂದರು. ಅರ್ಧ ಕೆನ್ನೆಯಲ್ಲಿ ಸೋಪಿನ ನೊರೆ, ಕೈಯಲ್ಲಿ ರೇಜರ್. ಟೇಪ್‌ರೆಕಾರ್ಡರ್ ನೋಡಿದರು. ಅದರ ಬಾಯಿ ತೆರೆದಿತ್ತು, ಒಳಗೆ ಕ್ಯಾಸೆಟ್ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು. ಬೈಯುತ್ತಾರೆಂದು ನಾನು ಸೋಫಾದ ಹಿಂದೆ ಸರಿದೆ.

“ಸ್ವರ ಸರಿ ಉಂಟು,” ಎಂದರು ಮಾವ ಮೆಲ್ಲಗೆ. “ಆದ್ರೆ ಭಾವ ಮೊದಲು ಅಜ್ಜನ ಹೆಸರು ಹೇಳ್ತಾರೆ. ನೀನು ಅಪ್ಪನಿಂದ ಶುರು ಮಾಡಿದೆ.”

ಹೋಗಿ ಉಳಿದ ಅರ್ಧ ಗಡ್ಡ ಹೆರೆದುಕೊಂಡರು. ನಾನು ಜನ್ಮದಲ್ಲಿ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಬೈಯದೆ ಬಿಟ್ಟದ್ದು ಇಷ್ಟು ನೋಯುತ್ತದೆ ಎಂದು ಗೊತ್ತಿರಲಿಲ್ಲ. ಅತ್ತೆ ಆ ಮಧ್ಯಾಹ್ನ ನನಗೆ ಎರಡನೇ ಸಲ ಕೋಳಿಸಾರು ಬಡಿಸಲಿಲ್ಲ. ನ್ಯಾಯವೇ.

ಏಳು, ಎಂಟು, ಒಂಬತ್ತು ಹೋದವು. ಗೆದ್ದದ್ದು ಮೂರು, ಸೋತದ್ದು ಆರು, ನಮ್ಮವಳು ಇಳಿದದ್ದು ಸೊನ್ನೆ. ಹತ್ತನೆಯದು ಬಂತು. ಎದುರಾಳಿ, ಲೀಗಿನಲ್ಲಿ ಎಲ್ಲರಿಗಿಂತ ಮೇಲಿದ್ದ ಟೀಮು. ಮಾವ ಆ ದಿನ ಊಟಕ್ಕೆ ಕೂತವರು ಮೊಸರಿಗೇ ಬರದೆ ಎದ್ದರು. ಎಸಿ ಬಂದ್. ನಾನು ಗುಂಡಿ ಒತ್ತಿದೆ.

ಮೊದಲ ಬದಿಯಿಡೀ ನಾವು ಸೋಲುತ್ತಲೇ ಇದ್ದೆವು. “ಮಹಾಜನಗಳೇ, ಕ್ಯಾಸೆಟ್ ತಿರುಗಿಸ್ತೇನೆ,” ಎಂದರು ಭಾವ, ಕಟಕ್. ನಾನೂ ತಿರುಗಿಸಿ ಹಾಕಿದೆ. ಎರಡನೆಯ ಬದಿ ಶುರುವಾಗಿ ಅರ್ಧ ನಿಮಿಷವಾಗಿರಬಹುದು, ಮಾವ ಬೆರಳೆತ್ತಿದರು.

“ನಿಲ್ಲಿಸು. ಹಿಂದೆ ತಿರುಗಿಸು.”

ತಿರುಗಿಸಿ ಹಾಕಿದೆ. ಭಾವ ಯಾರದೋ ಅಜ್ಜನ ಹೆಸರಿನಲ್ಲಿದ್ದರು.

“ಕೇಳ್ತಾ ಉಂಟಾ?”

“ಎಂತ ಮಾವ?”

“ಅವಳ ಸ್ವರ ಇಲ್ಲ.”

“ಯಾರದ್ದು?”

ಆಗ ಗೊತ್ತಾಯಿತು ನನಗೆ. ಭಾವ ಕೂರುತ್ತಿದ್ದುದು ಟೀಮಿನ ಬೆಂಚಿನ ಹಿಂದೆಯೇ. ಅವರು ಉಸಿರು ಎಳೆದುಕೊಳ್ಳುವ ಸಂದಿನಲ್ಲಿ, ಬೆಂಚಿನಿಂದ ಒಬ್ಬ ಹುಡುಗಿ ಗೆಳತಿಯರಿಗೆ “ಬಿಡಬೇಡ, ಬಿಡಬೇಡ!” ಎಂದು ಕೂಗುವುದು ಸಣ್ಣಗೆ ಕೇಳುತ್ತಿತ್ತಂತೆ. ಮೂರು ವರ್ಷ ಮಾವ ಕೇಳುತ್ತಿದ್ದುದು ಅದನ್ನು. ಸ್ವರವೆಂದರೆ ನನ್ನ ಕಸುಬು ಎಂದು ಮೆರೆಯುತ್ತಿದ್ದ ನನ್ನ ಕಿವಿಗೆ ಅದು ಒಂದು ಸಲವೂ ಬಿದ್ದಿರಲಿಲ್ಲ.

ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದರು. “ಜ್ವರವೋ ಏನೋ. ಹಾಸ್ಟೆಲಿಗೆ ಹೋದಳೋ ಏನೋ.”

“ಮೊದಲ ಬದಿಯಲ್ಲಿ ಇದ್ದಳು,” ಎಂದರು ಮಾವ. ಅವರ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

“ಮಹಾಜನಗಳು ಕ್ಷಮಿಸಬೇಕು,” ಎಂದರು ಭಾವ ಟೇಪಿನೊಳಗಿಂದ. “ಕ್ಯಾಸೆಟ್ ತಿರುಗಿಸುವ ಗಡಿಬಿಡಿಯಲ್ಲಿ ಒಂದು ವಿಷಯ ಬಿಟ್ಟುಹೋಯ್ತು. ಈಗ ಅಂಕಣದಲ್ಲಿ ಆಡ್ತಾ ಇರುವವರು, ಬಡಗುಮನೆ ದಿವಂಗತ ಐತಪ್ಪಣ್ಣನವರ ಮೊಮ್ಮಗಳು...”

ಐತಪ್ಪಣ್ಣ ಎಂದರೆ ಮಾವನ ಅಪ್ಪ, ನನ್ನ ಅಜ್ಜ. ಭಾವ ಮೊಮ್ಮಗಳ ಹೆಸರಿಗೆ ಬರುವ ಮೊದಲೇ ಪೀಪಿ ಊದಿತು. “ಫೌಲ್! ಅಯ್ಯೋ, ನಮ್ಮವಳೇ!”

ಅವಳು ಆಡಿದ್ದು ನಾಲ್ಕು ನಿಮಿಷ. ಚೆಂಡು ಕೈಗೆ ಬಂದದ್ದು ಒಂದು ಸಲ, ಅದನ್ನೂ ಎದುರಿನವರಿಗೆ ಕೊಟ್ಟಳು. ಟೀಮು ಹನ್ನೊಂದು ಪಾಯಿಂಟಿನಿಂದ ಸೋತಿತು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಮಾವ ಮುಂದಕ್ಕೆ ಕೇಳಲೇ ಇಲ್ಲ. ನನ್ನ ಕೈ ಸರಿಸಿ, ತಾವೇ ಎರಡನೆಯ ಬದಿಯ ಆರಂಭಕ್ಕೆ ತಿರುಗಿಸಿದರು.

“ಇಲ್ಲಿ ಬಾ,” ಎಂದು ಅತ್ತೆಯನ್ನು ಕರೆದರು. “ಕೂತ್ಕೊ.”

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು, ಅವರ ಪಕ್ಕ ನೆಲದ ಮೇಲೆ ಕೂತು, ಟೇಪಿಗೆ ಕಿವಿ ಕೊಟ್ಟರು. “ಎಂತ ಕೇಳ್ಲಿಕ್ಕುಂಟು? ನನಗೆ ಏನೂ ಕೇಳುವುದಿಲ್ಲ.”

“ಹೌದು,” ಎಂದರು ಮಾವ. “ಅದನ್ನೇ ಕೇಳು.”