ಅಡಿವೆಪ್ಪ ಮಾಸ್ತರರ ಉಪಕಾರ ಸ್ಮರಣ ಯಂತ್ರ

"ಇನ್ಮ್ಯಾಲೆ ರಾಣೆಬೆನ್ನೂರಾಗ ಉಪಕಾರ ಮರಿಯೋ ಮನುಷ್ಯಾನ ಇರಂಗಿಲ್ಲ!"

ಅಡಿವೆಪ್ಪ ಮಾಸ್ತರರು ಎದೆಯುಬ್ಬಿಸಿ ಹೀಗೆ ಸಾರಿದಾಗ, ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ದಾನಮ್ಮನ ಎದೆಯೂ ಅಷ್ಟೇ ಉಬ್ಬಿತು. ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಗಂಡ ಕಟ್ಟಿದ ಹನ್ನೆರಡನೇ ಯಂತ್ರ ಇದು! ಕಾಲೊನಿಯ ಸಭಾಭವನ ಕಿಕ್ಕಿರಿದಿತ್ತು. ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದಕ್ಕೊಂದು ಸ್ಪೀಕರ್, ಮುಂಗೈಗೆ ಕಟ್ಟಲು ಒಂದು ಪಟ್ಟಿ.

"ಉಪಕಾರ ನೆನೆಸಿದ್ರ ಮನಸ್ಸು ಹಗುರ ಆಗತೈತಿ, ಮನ್ಯಾಗ ಜಗಳ ಕಡಿಮಿ ಆಗತೈತಿ. ಆದ್ರ ಬಾಯಿ ಬಿಟ್ಟು ಹೇಳಾಕ ನಮಗ ನಾಚಿಕಿ! ಈ ಪಟ್ಟಿ ಕಟ್ಕೊಳ್ರಿ, ಹೇಳದ ಉಳಿದಿದ್ದನ್ನ ನಾಡಿ ಓದಿ ಯಂತ್ರಾನ ಹೇಳತೈತಿ!"

ಮೊದಲು ಪಟ್ಟಿ ಕಟ್ಟಿಕೊಂಡವರು ಕಾಲೊನಿ ಸಂಘದ ಅಧ್ಯಕ್ಷ ಫಕ್ಕೀರಪ್ಪನವರು. ಪೆಟ್ಟಿಗೆ ಅವರದೇ ದನಿಯಲ್ಲಿ ಗುಡುಗಿತು:

"ಇಮಾಮಸಾಬ, ಹದಿನಾಲ್ಕು ವರ್ಷ ನನ್ನ ಭಾಷಣ ಎಲ್ಲಾ ನೀವ ಬರದು ಕೊಟ್ರಿ. ಭಾಳ ಉಪಕಾರ ಆತು. ಇವತ್ತಿಂದೂ ಕಿಸೆದಾಗ ಐತಿ!"

ಸಭೆ ಹೋ ಎಂದಿತು. ಹಿಂದಿನ ಸಾಲಿನಲ್ಲಿ ಇಮಾಮಸಾಬರು ಎದ್ದುನಿಂತು ಎಲ್ಲರಿಗೂ ಕೈಮುಗಿದರು. ಅಧ್ಯಕ್ಷರು ಪಟ್ಟಿಯನ್ನು ಚೇಳು ಕೊಡವಿದಂತೆ ಕೊಡವಿದರು.

ಮುಂದೆ ಬಂದವಳು ಅಡುಗೆ ಸ್ಪರ್ಧೆಯಲ್ಲಿ ಗೆದ್ದ ನಿಂಬೆವ್ವ. "ಮಲ್ಲವ್ವಾ, ಆ ಶೇಂಗಾ ಹೋಳಿಗಿ ನೀನ ಮಾಡಿದ್ದಿ, ಬಹುಮಾನ ನಾ ತಗೊಂಡೆ!" ಎಂದಿತು ಪೆಟ್ಟಿಗೆ.

"ಹೋದ ವರ್ಷದ್ದೂ ಹೇಳಽ!" ಎಂದಳು ಸಭೆಯಲ್ಲಿದ್ದ ಮಲ್ಲವ್ವ.

"ಹೋದ ವರ್ಷದ್ದೂ!" ಎಂದಿತು ಪೆಟ್ಟಿಗೆ.

"ಯಂತ್ರ ಕೆಟ್ಟೈತಿ! ಬಂದ್ ಮಾಡ್ರಿ!" ಎಂದು ಅಧ್ಯಕ್ಷರು ಕೂಗಿದರು.

"ನನ್ನ ಯಂತ್ರ ಕೆಡೂದಿಲ್ಲ!" ಎನ್ನುತ್ತ ಮಾಸ್ತರರು ಪಟ್ಟಿಯನ್ನು ತಮ್ಮ ಕೈಗೇ ಬಿಗಿದರು.

ದಾನಮ್ಮ ಕೂತಲ್ಲೇ ಮುಂದಕ್ಕೆ ಬಾಗಿದಳು. ಹನ್ನೆರಡು ಯಂತ್ರಗಳನ್ನೂ, ಗಂಡ ಸಂತೆಗೆ ಹೋದಾಗ, ಬಿಚ್ಚಿ ಸರಿಮಾಡಿದವಳು ಅವಳೇ. ಈ ಸಂಗತಿ ಅವರಿಗೂ ಗೊತ್ತಿಲ್ಲವೆಂದು ನಂಬಿದ್ದಳು. ಊರ ಮುಂದೆ ಬಯಲಾದರೆ ಮಾಸ್ತರರ ಮಾನವೇನಾಗಬೇಕು?

"ಬ್ಯಾಡ್ರೀ!" ಎಂದು ಎದ್ದಳು. ತಡವಾಗಿತ್ತು. ಪೆಟ್ಟಿಗೆ ಮಾಸ್ತರರ ದನಿಯಲ್ಲಿ ಶುರುಮಾಡಿತ್ತು:

"ದಾನೀ, ಇದರ ತಂತಿ ನಾ ತಿರುವುಮುರುವು ಕೂಡಿಸಿದ್ದೆ, ನೀ ಬಿಚ್ಚಿ ಸರಿ ಮಾಡಿದಿ. ಛತ್ರಿ ಒಣಗಿಸೋ ಯಂತ್ರನೂ ನೀನ. ಬೆಳ್ಳುಳ್ಳಿ ಸುಲಿಯೋದೂ ನೀನ. ನಂಗೆಲ್ಲಾ ಗೊತ್ತಿತ್ತು. ನಿಂಗ ಟೈಮ್ ಸಿಗಲಿ ಅಂತ ಸಂತ್ಯಾಗ ಬೇಕಂತ ತಡಾ ಮಾಡ್ತಿದ್ದೆ!"

ಮಾಸ್ತರರು ಕೆಂಪಾಗಿ ಪಟ್ಟಿ ಜಗ್ಗಿದರು. ಬಿಚ್ಚಲಿಲ್ಲ!

"ಗುಂಡಿ ಒತ್ತಿ ಬಂದ್ ಮಾಡ್ರೀ!" ಎಂದಳು ದಾನಮ್ಮ.

"ಬಂದ್ ಮಾಡೋ ಗುಂಡಿನ ಇಟ್ಟಿಲ್ಲಲೇ!"

ಪೆಟ್ಟಿಗೆಗೆ ಉಸಿರೆಳೆದುಕೊಳ್ಳುವ ತೊಂದರೆಯೂ ಇರಲಿಲ್ಲ. ಮದುವೆಯ ವರ್ಷದಿಂದ ಶುರುಮಾಡಿ, ವಿಷಮಶೀತ ಜ್ವರದಲ್ಲಿ ಅವಳು ಆರೈಕೆ ಮಾಡಿದ ಇಪ್ಪತ್ತೊಂದು ದಿನ, ಅವಳು ತಿದ್ದಿಕೊಟ್ಟ ಪರೀಕ್ಷೆಯ ಪೇಪರುಗಳು, ಒಂದೊಂದನ್ನೂ ಬಿಡದೆ ಮುಕ್ಕಾಲು ಗಂಟೆ ಹೇಳಿತು. ಜನ ಎರಡು ಸಲ ಚಹಾ ಕುಡಿದರು, ಒಬ್ಬರೂ ಏಳಲಿಲ್ಲ. ಮೊದಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ದಾನಮ್ಮ ಬರಬರುತ್ತ ಬೆನ್ನು ನೆಟ್ಟಗೆ ಮಾಡಿ, ಫೋಟೊ ತೆಗೆಸಿಕೊಳ್ಳುವವಳಂತೆ ಕೂತಳು.

ಪಟ್ಟಿ ತಾನಾಗಿಯೇ ಕಳಚಿತು.

"ಮುಗೀತು," ಎಂದರು ಮಾಸ್ತರರು, ತಲೆ ತಗ್ಗಿಸಿ. "ಅಷ್ಟೂ ಖರೇನ ಐತಿ."

"ಈಗ ದಾನಮ್ಮಾರು ಕಟ್ಕೊಳ್ರಿ!" ಎಂದಿತು ಸಭೆ.

ಕಟ್ಟಿಕೊಂಡಳು. ಹಸಿರು ದೀಪ ಹತ್ತಿತು. ಸ್ಪೀಕರ್ ಗುಂಯ್ ಎಂದಿತು. ಅಷ್ಟೇ. ಮಾಸ್ತರರು ಪೆಟ್ಟಿಗೆಗೆ ಕಿವಿ ಹಚ್ಚಿ, "ಕೆಟ್ಟತೇನಲೇ?" ಎಂದು ಪಿಸುಗುಟ್ಟಿದರು.

"ಕೆಟ್ಟಿಲ್ರೀ," ಎಂದಳು ದಾನಮ್ಮ. "ಹೇಳೂದನ್ನ ನಾ ಅವತ್ತಿಂದವತ್ತ ಹೇಳಿ ಮುಗಿಸಿರ್ತೀನಿ."