ಹೇಸ್‌ನಲ್ಲಿ ನಾನು ಹೂಡಿದ ವಸಾಹತು

ಇಲ್ಲಿ ಬರೆದಿರುವುದೆಲ್ಲ ಖರೆ. ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ ಥೇಮ್ಸ್ ನದಿಗೆ ಬಿಡಿ. ಲಂಡನ್ನಿನಲ್ಲಿ ಇಂಥ ಪ್ರಸಂಗಗಳು ಎಲ್ಲರಿಗೂ ಆಗುತ್ತವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಮನೆಯ ವಿಳಾಸ ಮಾತ್ರ ಅವಕ್ಕೆ ಬಾಯಿಪಾಠ ಆಗಿಬಿಟ್ಟಿದೆ.

ನಾನು ವಿಜಾಪುರದ ಕಡೆಯವನು. ಇಂಗ್ಲಿಷರಿಗೆ ನಮ್ಮ ದೇಶಕ್ಕೆ ಬರಲು ಹಡಗು ಬೇಕಾಯಿತು, ಕಂಪನಿ ಬೇಕಾಯಿತು, ರಾಣಿಯ ಅಪ್ಪಣೆ ಬೇಕಾಯಿತು. ನಾನು ತೊಂಬತ್ತರ ದಶಕದ ಕೊನೆಗೆ ಹೆಂಡತಿ, ಮಗಳು, ಒಂದಿಷ್ಟು ಸೂಟ್‌ಕೇಸುಗಳ ಜೊತೆ ಬಂದು, ಹೀಥ್ರೋ ಪಕ್ಕದ ಹೇಸ್‌ನಲ್ಲಿ ಬಾಡಿಗೆ ಮನೆ ಹಿಡಿದು, ಅವರ ದೇಶದಲ್ಲೇ ವಸಾಹತು ಹೂಡಿದೆ. ಒಂದು ಗುಂಡು ಹಾರಲಿಲ್ಲ. ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ನನ್ನ ನೌಕರಿ. ಜಗತ್ತಿನ ಕಾಳುಮೆಣಸು, ಅರಿಷಿಣ, ಏಲಕ್ಕಿ ಎಲ್ಲ ನನ್ನ ಕೈ ದಾಟಿಯೇ ಇಂಗ್ಲೆಂಡಿನ ಹೊಟ್ಟೆ ಸೇರಬೇಕಿತ್ತು. ಗಾಡಿ ತಳ್ಳುವವನು ನಾನೇ ಆದ್ದರಿಂದ ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ವಸಾಹತಿಗೆ ಅಪಾಯ ಬಂದದ್ದು ಒಳಗಿನಿಂದ. ಬಂದ ವರ್ಷವೇ ನನ್ನ ಹೆಂಡತಿ ಹಟ ಹಿಡಿದಳು.

"ರೀ, ಈ ನೆಲ ನನಗ ಒಗ್ಗವಲ್ದು. ಎಳ್ಳಮಾಸಿ ತನಕಾ ನೋಡತೀನಿ. ಅಷ್ಟರಾಗ ಮನಸ್ಸು ನಿಂತ್ರ ನಿಂತು. ನಿಲ್ಲಲಿಲ್ಲಂದ್ರ ನಾ ಊರಿಗೆ ಹೋಗಾಕಿ. ನೀವು ಬಂದ್ರೂ ಸೈ, ಬರಲಿಲ್ಲಂದ್ರೂ ಸೈ."

ಊರಲ್ಲಿ ಎಳ್ಳಮಾಸಿಗೆ, ಅಂದರೆ ಚಳಿಗಾಲದ ಎಳ್ಳು ಅಮಾವಾಸ್ಯೆಗೆ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಇಲ್ಲಿ ಅದೇ ಹಬ್ಬ ನಮ್ಮ ಸಂಸಾರದ ಕೊನೆಯ ತಾರೀಖಾಗಿ ಕೂತಿತು.

೧. ಗೋಡೆಯಾಚೆಯ ಸದ್ದು

ತಂಟೆ ಶುರುವಾದದ್ದು ರೊಟ್ಟಿಯಿಂದ. ಜೋಳದ ಹಿಟ್ಟು ಲಂಡನ್ನಿನಲ್ಲಿ ಸಿಗುತ್ತಿರಲಿಲ್ಲ ಎಂದಲ್ಲ. ಸಿಗುತ್ತಿತ್ತು. ಆದರೆ ಅದನ್ನು ಬೀಸಿದ ಗಿರಣಿ ಇನ್ನೂ ಇದೆಯೋ ಬಿದ್ದುಹೋಗಿದೆಯೋ ಎನ್ನುವಷ್ಟು ಹಳೆಯ ಹಿಟ್ಟು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಜಿಗಿ ಹೋದರೆ ಬಡಿಯುವಾಗಲೇ ರೊಟ್ಟಿ ಬಿರಿಯುತ್ತದೆ. ತಮಿಳರ ಅಂಗಡಿಗಳಿರುವ ಈಸ್ಟ್ ಹ್ಯಾಮ್ ತನಕ ರೈಲು ಬದಲಿಸಿ ಹೋಗಿ ನೋಡಿದೆವು. ಅಲ್ಲಿ ಇಡ್ಲಿಯ ಅಕ್ಕಿಗೆ ಬರವಿಲ್ಲ, ರೇಷ್ಮೆ ಸೀರೆಗೆ ಬರವಿಲ್ಲ. ಹೊಸ ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು ಇಡಿಯಪ್ಪದ ಹಿಟ್ಟು ತೋರಿಸಿದ.

ಒಂದು ಭಾನುವಾರ ಹೆಂಡತಿ ಅದೇ ಹಳೆಯ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಅಡುಗೆಕಟ್ಟೆಯ ಮೇಲೆ ಬಡಿಯತೊಡಗಿದಳು. ದಬ್, ದಬ್, ದಬ್. ಸಾಲುಮನೆ, ಗೋಡೆ ಒಂದೇ. ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಾಯಿತು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ, ಚಪ್ಪಲಿ ಸಹ ಸರಿಯಾಗಿ ಮೆಟ್ಟದೆ ಓಡಿಬಂದಿದ್ದಳು. ನನ್ನ ಹೆಂಡತಿಯ ಕೈ ಹಿಡಿದು ಪಿಸುಮಾತಿನಲ್ಲಿ ಕೇಳಿದಳು:

"ಏನಮ್ಮಾ, ಆರಾಮಾಗಿದೀಯಾ? ಅವನು ನಿನ್ನ ಹೊಡೀತಿದಾನಾ?"

ಹೆಂಡತಿ ಹಿಟ್ಟಿನ ಕೈ ತೋರಿಸಿ, "ನೋ, ನೋ! ಹೊಡಿಯಾಕಿ ನಾನು," ಎಂದಳು, ತನಗೆ ಬಂದ ಇಂಗ್ಲಿಷಿನಲ್ಲಿ.

ಅಜ್ಜಿ ಬಗ್ಗಿ ಒಳಗೆ ನೋಡಿದಳು. ಒಡೆದ ರೊಟ್ಟಿಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಾನು ಕೂತಿದ್ದೆ. ಅಜ್ಜಿಗೆ ಎಲ್ಲ ಅರ್ಥವಾಯಿತು. ಹೋಗುವಾಗ ನನ್ನ ಭುಜ ತಟ್ಟಿ, "ಏನಾದರೂ ಆದರೆ ಗೋಡೆ ಬಡಿ, ಮಗಾ. ನಾನಿದೀನಿ," ಎಂದು ಹೇಳಿ ಹೋದಳು.

೨. ಹೋಮ್‌ವರ್ಕ್

ಮಗಳಿಗೆ ಶಾಲೆಯಲ್ಲಿ ಇತಿಹಾಸದ ಪಾಠ. ಇಂಗ್ಲಿಷರು ಮೊಟ್ಟಮೊದಲು ಅಮೆರಿಕದಲ್ಲಿ ಹೂಡಿದ ವಸಾಹತುಗಳು. ಅವಳಿಗೆ ಕನ್ನಡ ತಿಳಿಯುತ್ತದೆ, ಶಾಲೆ ಸೇರಿದ ಮೇಲೆ ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಅವಳು ಗಟ್ಟಿಯಾಗಿ ಓದುವುದು, ನಾನು ನಡುನಡುವೆ ಭಾಷ್ಯ ಹೇಳುವುದು.

ಮೊದಲು ಹೋದವರು ಬಿತ್ತುವುದು ಬಿಟ್ಟು ಬಂಗಾರ ಹುಡುಕಿದರಂತೆ. ಚಳಿಗಾಲ ಬಂತು, ಹಸಿವಿನಿಂದ ಸತ್ತರಂತೆ.

"ಮತ್ತೇನಾಗತೈತಿ?" ಎಂದೆ. "ಮೊದಲ ಬಿತ್ತಬೇಕು, ಆಮ್ಯಾಲೆ ಬಂಗಾರ. ನಮ್ಮಪ್ಪನ್ನ ಕೇಳಿದ್ರ ಹೇಳತಿದ್ದ."

"ಡ್ಯಾಡ್, ಪ್ಲೀಸ್."

ಉತ್ತರದಲ್ಲಿ ಇಳಿದವರಿಗೆ ಕಲ್ಲುನೆಲ ಸಿಕ್ಕಿತು, ಬೆಳೆ ಆಗಲಿಲ್ಲ. ಅವರು ಸಮುದ್ರಕ್ಕೆ ತಿರುಗಿ ಮೀನು ಹಿಡಿದರು, ಹಡಗು ಕಟ್ಟಿದರು, ವ್ಯಾಪಾರಕ್ಕಿಳಿದರು. ದಕ್ಷಿಣದಲ್ಲಿ ಅಗಲ ನದಿಗಳು. ಹಡಗು ಹೊಲದ ಬಾಗಿಲಿಗೇ ಬಂದು ತಂಬಾಕು ತುಂಬಿಕೊಂಡು ಹೋಗುತ್ತಿತ್ತು. ಪೇಟೆಗೆ ಹೋಗುವ ಕೆಲಸವೇ ಇಲ್ಲ, ಹಾಗಾಗಿ ಅಲ್ಲಿ ಪೇಟೆಗಳೇ ಬೆಳೆಯಲಿಲ್ಲ. ಆ ತಂಬಾಕಿನಲ್ಲಿ ದುಡಿಸಲು ಆಫ್ರಿಕಾದ ಮನುಷ್ಯರನ್ನೇ ಸರಕಿನ ಹಾಗೆ ಹಡಗಿನಲ್ಲಿ ತುಂಬಿ ತಂದರು. ಆ ಪುಟ ಮುಗಿದ ಮೇಲೆ ಮಗಳು ಪುಸ್ತಕ ಮುಚ್ಚಿಟ್ಟಳು. ನಾನೂ ಅವತ್ತಿನ ಭಾಷ್ಯ ಅಲ್ಲಿಗೇ ಮುಗಿಸಿದೆ.

ಪಾಲಕರ ಭೇಟಿಯ ದಿನ ಶಾಲೆಗೆ ಹೋದೆ. ಟೀಚರಮ್ಮ ನಗು ತಡೆದುಕೊಂಡು ಕೂತಿದ್ದಳು. 'ಇಂಗ್ಲಿಷರು ಸಮುದ್ರ ದಾಟಿದ್ದೇಕೆ?' ಎಂಬ ಪ್ರಶ್ನೆಗೆ ನನ್ನ ಮಗಳು ಬರೆದಿದ್ದಳಂತೆ: 'ಇಂಗ್ಲೆಂಡಿನ ಅಡುಗೆ ಉಂಡು ಉಂಡು ಅವರಿಗೆ ಬೇರೆ ದಾರಿ ಇರಲಿಲ್ಲ ಎಂದು ನಮ್ಮಪ್ಪ ಹೇಳುತ್ತಾರೆ.'

"ಬರೋಬ್ಬರಿ ಬರೆದಾಳ್ರಿ," ಎಂದೆ. "ನಮ್ಮ ಬ್ಯಾಡಗಿ ಮೆಣಸಿನಕಾಯಿ, ರೊಟ್ಟಿ ಜೋಡಿ ಶೇಂಗಾ ಹಿಂಡಿ ಒಮ್ಮೆ ತಿಂದು ನೋಡಿದ್ರ ನಿಮಗ ಗೊತ್ತಾಗತೈತಿ."

ಆಗ ಆ ಮಹಾತಾಯಿ ಒಂದು ಮಾತು ಹೇಳಿದಳು. ಮೆಣಸಿನಕಾಯಿ ನಮ್ಮದಲ್ಲವಂತೆ. ಶೇಂಗಾ ಸಹ ನಮ್ಮದಲ್ಲವಂತೆ. ಎರಡೂ ಅಮೆರಿಕದ ನೆಲದವು, ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದವಂತೆ.

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಹೆಂಡತಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಅದರಲ್ಲೇ ಒಂದು ಉಪಾಯ ಹೊಳೆಯಿತು.

"ನೋಡು, ಮೆಣಸಿನಕಾಯಿನೂ ಪರದೇಶದಿಂದ ಬಂದಾಕಿ. ಬ್ಯಾಡಗಿಯೊಳಗ ಎಷ್ಟ ಚಂದ ನೆಲಿ ನಿಂತಾಳ. ಊರಿಗೆ ಹೋಗತೀನಿ ಅಂತ ಒಂದ ದಿನಾ ಅಂದಾಳೇನು?"

ಅವಳು ಕಿಟಕಿಯಾಚೆ ನೋಡಿದಳು. ಮೋಡ, ಅದರಡಿ ಒಂದು ವಿಮಾನ.

"ಆಕಿಗೆ ಅಲ್ಲೆ ಬಿಸಲು ಸಿಕ್ತು. ನನಗ ಇಲ್ಲೇನು ಸಿಕ್ಕೈತಿ?"

ಅಂದು ರಾತ್ರಿ ಸಾರಿಗೆ ಕಾಳುಮೆಣಸು ಹಾಕಿಸಿದೆ. ಮೆಣಸಿನಕಾಯಿಯ ಜೊತೆ ನಾನು ಒಂದು ವಾರ ಮಾತು ಬಿಟ್ಟೆ.

೩. ಅಲರ್ಜಿ

ಊರಿನ ನೆನಪು ನನಗೆ ಬರುವುದಿಲ್ಲ. ಗಟ್ಟಿ ಆಳು ನಾನು. ಇದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಗೋದಾಮಿಗೆ ಒಂದು ಬೆಳಿಗ್ಗೆ ಮುಂಬೈ ಬಂದರಿನಿಂದ ಕಂಟೇನರ್ ಬಂತು. ಬಾಗಿಲು ತೆಗೆದವನು ನಾನು. ಒಳಗೆ ಗೋಣಿಚೀಲಗಳಲ್ಲಿ ಒಣಮೆಣಸಿನಕಾಯಿ. ಸಮುದ್ರದ ಮೇಲೆ ವಾರಗಟ್ಟಲೆ ಮುಚ್ಚಿಟ್ಟ ಘಾಟು ಒಮ್ಮೆಲೇ ಹೊರಬಿತ್ತು. ಜೊತೆಗಿದ್ದ ಪೋಲೆಂಡಿನವನೂ ಐರ್ಲೆಂಡಿನವನೂ ಸೀನುತ್ತಾ ಮೈದಾನಕ್ಕೆ ಓಡಿದರು. ನಾನು ಓಡಲಿಲ್ಲ. ತಲೆ ಒಳಗೆ ಹಾಕಿ ನಿಂತೆ. ಗೋಣಿ, ಮೆಣಸಿನಕಾಯಿ, ಧೂಳು. ಅಷ್ಟೇ ಸಾಕು, ನಮ್ಮೂರ ಸಂತೆಯೇ ಒಳಗೆ ಕೂತಿತ್ತು. ಇನ್ನೊಂದು ಗಳಿಗೆ ನಿಂತಿದ್ದರೆ ಯಾರಾದರೂ, "ಏನಪಾ, ಯಾವಾಗ ಬಂದಿ?" ಎಂದು ಕೇಳಿಯೇ ಬಿಡುತ್ತಿದ್ದರು.

ಕೇಳುವ ಮೊದಲೇ ಮೇಲ್ವಿಚಾರಕ ನನ್ನ ಸೊಂಟ ಹಿಡಿದು ಹೊರಗೆಳೆದ. ಕಣ್ಣಿಂದ ನೀರು ಧಾರಾಕಾರ. ಕುರ್ಚಿಯ ಮೇಲೆ ಕೂರಿಸಿದರು, ಕಣ್ಣು ತೊಳೆದರು, ಜಿಪಿ ಬಳಿಗೆ ಕಳಿಸಿದರು. ಡಾಕ್ಟರು ಲೈಟು ಬಿಟ್ಟು ನೋಡಿ ಕೇಳಿದ:

"ಇದು ಯಾವಾಗಿಂದ ಹೀಗೆ?"

"ಇಲ್ಲಿಗೆ ಬಂದಾಗಿಂದ."

ಡಾಕ್ಟರು ಗಂಭೀರವಾಗಿ ತಲೆಯಾಡಿಸಿ, 'ಅಲರ್ಜಿ' ಎಂದು ಬರೆದ. ಮರುದಿನದಿಂದ ನನ್ನನ್ನು ಬಿಸ್ಕೀಟಿನ ವಿಭಾಗಕ್ಕೆ ಹಾಕಿದರು. ಬಿಸ್ಕೀಟಿಗೆ ಯಾವ ಊರಿನ ವಾಸನೆಯೂ ಇರುವುದಿಲ್ಲ.

೪. ಬಸ್ಸಿಗಿಂತ ಎತ್ತರ

ಹಿಟ್ಟು ಹಳತಾದರೆ ಜೋಳವನ್ನೇ ಬೆಳೆದರಾಯಿತು ಎಂದು ತೀರ್ಮಾನಿಸಿದೆ. ಹೇಸ್‌ನಲ್ಲಿ ಕೌನ್ಸಿಲ್‌ನವರು ಜನರಿಗೆ ತರಕಾರಿ ಬೆಳೆಯಲು ತುಂಡು ತುಂಡು ಜಾಗ ಕೊಡುತ್ತಾರೆ. ಒಂದು ತುಂಡು ನನಗೂ ಸಿಕ್ಕಿತು. ಬಿತ್ತನೆಯ ಬಿಳಿಜೋಳ ಊರಿಂದ ಬರುವಾಗ ನನ್ನ ಕಾಲುಚೀಲದಲ್ಲಿ ಅಡಗಿ ಕೂತು ತಾನಾಗಿಯೇ ಬಂದಿತ್ತು.

ಬಿತ್ತಿದೆ. ಬಂತು ನೋಡಿ! ಬೇಸಿಗೆಯಲ್ಲಿ ಇಲ್ಲಿ ಹೊತ್ತು ಮುಳುಗುವುದನ್ನೇ ಮರೆಯುತ್ತದೆ. ಜೋಳವೂ ನಿಲ್ಲುವುದನ್ನು ಮರೆತು ಬೆಳೆಯಿತು. ಎರಡಂತಸ್ತಿನ ಬಸ್ಸಿಗಿಂತ ಎತ್ತರ. ಹೀಥ್ರೋಗೆ ಇಳಿಯುವ ವಿಮಾನಗಳು ಸ್ವಲ್ಪ ವಾಲಿಕೊಂಡು ಹೋಗತೊಡಗಿದವು. ಆದರೆ ತೆನೆ? ಒಂದೂ ಇಲ್ಲ. ಬರೀ ದಂಟು, ಎಲೆ. ಎಮ್ಮೆ ಇದ್ದಿದ್ದರೆ ಹಬ್ಬ ಮಾಡುತ್ತಿತ್ತು.

ಪಕ್ಕದ ತುಂಡಿನ ಇಂಗ್ಲಿಷ್ ಅಜ್ಜ ಸಲಿಕೆಗೆ ಒರಗಿ ದಿನಾ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೇಳಿದ.

"ಇದರಿಂದ ಏನು ಮಾಡ್ತೀರಿ?"

"ರೊಟ್ಟಿ."

ಅಜ್ಜ ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದ. "ಯಾವ ಕಡೆ ಇದೆ?"

ಮಗಳು ಸಮಾಧಾನ ಹೇಳಿದಳು. ವರ್ಜೀನಿಯಾಕ್ಕೆ ಹೋದವರೂ ರೇಷ್ಮೆ ತೆಗೆಯಲು ಹೋಗಿ ಸೋತರಂತೆ. ನೆಲ ಏನು ಕೊಡುತ್ತದೋ ಅದನ್ನು ಬೆಳೆದ ಮೇಲೆಯೇ ಉಳಿದುಕೊಂಡರಂತೆ. ಅಲ್ಲಿನ ಮೂಲನಿವಾಸಿಗಳೇ ಅವರಿಗೆ ಗೋವಿನಜೋಳ ಬಿತ್ತುವುದನ್ನು ಕಲಿಸಿದ್ದಂತೆ. ನಮ್ಮ ಮೂಲನಿವಾಸಿಯೂ ಬೇಲಿ ದಾಟಿ ಬಂದು ಮಣ್ಣು ಮುಟ್ಟಿ ನೋಡಿ, "ಬಟಾಟೆ ಹಾಕಿ," ಎಂದ. ಅವನಿಗೆ ಮೆಂತ್ಯದ ಸೊಪ್ಪು ಕೊಟ್ಟೆ. ಅವನು ಕುಂಬಳಕಾಯಿ ಕೊಟ್ಟ. ಹೀಗೆ ಇಂಗ್ಲೆಂಡಿನಲ್ಲಿ ಮೊದಲ ವಿಜಾಪುರಿ ವ್ಯಾಪಾರಿ ಕೋಠಿ ಸ್ಥಾಪನೆಯಾಯಿತು. ಒಂದೇ ವ್ಯತ್ಯಾಸ. ಅವರು ನಮ್ಮಲ್ಲಿಗೆ ಮೆಣಸು ಕೊಳ್ಳಲು ಬಂದು ಅಂಗಡಿಯನ್ನೇ ಎತ್ತಿಕೊಂಡರು. ನಾನು ಕುಂಬಳಕಾಯಿ ಎತ್ತಲಿಕ್ಕೂ ಅಜ್ಜನ ಸಹಾಯ ಕೇಳಬೇಕಾಯಿತು.

೫. ಚರಗ

ಎಳ್ಳಮಾಸಿ ಬಂದೇಬಿಟ್ಟಿತು. ಹೆಂಡತಿಯ ಮಾತು ಹಾಗೇ ಇತ್ತು. ಸೂಟ್‌ಕೇಸು ಮಂಚದ ಕೆಳಗಿಂದ ಹೊರಗೆ ಬಂದು ಗೋಡೆಗೆ ಒರಗಿತ್ತು. ಮಗಳು ಅದರ ಪಕ್ಕ ಹಾಯುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

"ಹೋಗೂದು ಬಿಡೂದು ಆಮ್ಯಾಲೆ," ಎಂದೆ ನಾನು. "ಹಬ್ಬದ ದಿನಾ ಹೊಲಕ್ಕ ಚರಗ ಚೆಲ್ಲಲಾರದ ಇದ್ರ ಹೆಂಗ?"

ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೊರಟೆವು. ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಲೆ, ಶೇಂಗಾ ಹೋಳಿಗೆ. ಮಣ್ಣು ಹಿಮಗಟ್ಟಿ ಕಬ್ಬಿಣವಾಗಿತ್ತು. ಪಾಂಡವರೆಂದು ಇಟ್ಟು ಪೂಜಿಸಲು ಐದು ಕಲ್ಲು ಬೇಕು. ಕಿತ್ತರೆ ಒಂದೂ ಬರಲೊಲ್ಲದು. ಅಜ್ಜ ಸಲಿಕೆ ಇಡುವ ತನ್ನ ಗುಡಿಸಲಿನಿಂದ ಒಡೆದ ಹೂಕುಂಡದ ಐದು ಚೂರು ತಂದುಕೊಟ್ಟ. ಕುಂಕುಮ ಹಚ್ಚಿದೆವು. ಅಜ್ಜ ಟೋಪಿ ತೆಗೆದು ಕೇಳಿದ:

"ಇವರು ಯಾರು?"

"ಐದು ಜನ ಅಣ್ಣತಮ್ಮಂದಿರು. ಭೂಮಿ ಕಳಕೊಂಡಿದ್ದರು, ಹೋರಾಡಿ ವಾಪಸ್ ತಗೊಂಡರು."

"ಕೌನ್ಸಿಲ್‌ನಿಂದ?"

"ಹಂಗಂತ ತಿಳಕೋರಿ."

"ಹಾಗಿದ್ದರೆ ದೇವರೇ," ಎಂದು ಅಜ್ಜ ತಲೆ ಬಾಗಿಸಿದ.

ಹೆಂಡತಿ ರೊಟ್ಟಿ, ಪಲ್ಲೆ, ಹೋಳಿಗೆ ಎಲ್ಲ ಮುರಿದು ಕಲಸಿ, ಆ ಚರಗವನ್ನು ಹೊಲದ ಸುತ್ತ ಚೆಲ್ಲುತ್ತಾ ನಡೆದಳು. ಹಿಂದೆ ನಾನು ನೀರು ಹಾಕುತ್ತಾ, ಊರಲ್ಲಿ ಕೂಗಿದಂತೆ ಕೂಗುತ್ತಾ. ಅಜ್ಜನಿಗೆ ಜೀವ ಹೋದಂತಾಯಿತು.

"ಇಷ್ಟು ಒಳ್ಳೇ ಊಟ ಮಣ್ಣಿಗೆ ಯಾಕೆ ಹಾಕ್ತೀರಿ?"

ಹೆಂಡತಿ ನಿಂತಳು. "ಹೇಳವ್ವಾ ಅವರಿಗೆ," ಎಂದಳು ಮಗಳಿಗೆ. "ಈ ಮಣ್ಣಿಗೆ ನಮ್ಮ ಗುರ್ತು ಇಲ್ಲ. ಮೊದಲ ಉಣಿಸಬೇಕು, ಆಮ್ಯಾಲೆ ಕೇಳಬೇಕು."

ಮಗಳು ಹೇಳಿದಳು. ಅಜ್ಜ ತನ್ನ ತುಂಡಿನ ಕಡೆ ತಿರುಗಿದ. "ಮದುವೆಯಾದಾಗಿನಿಂದ ಇದರಿಂದ ಕಿತ್ತು ತಿಂತಾ ಇದೀನಿ. ಒಂದು ಸಲವೂ ಬಡಿಸಿಲ್ಲ," ಎಂದು ಕೋಟಿನ ಜೇಬಿನಿಂದ ಚೀಸ್ ಸ್ಯಾಂಡ್‌ವಿಚ್ ತೆಗೆದು ಇಡಿಯಾಗಿ ಎಸೆದ.

"ಹಂಗಲ್ರಿ ಅಜ್ಜಾರ, ಮುರದು ಮುರದು!" ನನ್ನ ಹೆಂಡತಿ ಹೋಗಿ ತೋರಿಸಿಕೊಟ್ಟಳು.

ಆಚೆ ತುಂಡಿನವಳು ಕೇಳಿದಳು, ಅದರಾಚೆಯವನು ಕೇಳಿದ. ಒಬ್ಬಳು ಕೇಕು ಮುರಿದಳು. ಒಬ್ಬ ತನ್ನ ನೆಲಕ್ಕೆ ಬಾಯಾರಿಕೆ ಎಂದು ಬಿಯರ್ ಸುರಿದ. ನಾನು ಕೂಗಿದ್ದನ್ನೇ ಅವರೂ ಕೂಗಿದರು, ಇಂಗ್ಲಿಷ್ ಬಾಯಲ್ಲಿ. ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಲಂಡನ್ನಿನ ಕಡಲಹಕ್ಕಿ, ಪಾರಿವಾಳ ಎಲ್ಲ ಸೇರಿ ನಮ್ಮ ಮೇಲೆ ಇಳಿದವು. ವಸಾಹತುಗಾರರು, ಮೂಲನಿವಾಸಿಗಳು ಎಂಬ ಭೇದವಿಲ್ಲದೆ ಎಲ್ಲರೂ ಅಜ್ಜನ ಗುಡಿಸಲಿಗೆ ನುಗ್ಗಿ, ಒಬ್ಬರ ಮೇಲೊಬ್ಬರು ಕೂತು, ಉಳಿದ ಹೋಳಿಗೆ ಹಂಚಿಕೊಂಡು ತಿಂದೆವು.

ಆ ನೂಕಾಟದಲ್ಲಿ ಮಗಳು, ಇಲ್ಲಿಗೆ ಬಂದ ಮೇಲೆ ಮೊದಲ ಸಲ, ಅಪ್ಪಟ ನಮ್ಮೂರ ಕನ್ನಡದಲ್ಲಿ ಕೇಳಿದಳು:

"ಮತ್ತ ಊರಿಗೆ ಹೋಗೂದು?"

ಗುಡಿಸಲಿನವರೆಲ್ಲ ನಮ್ಮ ಕಡೆ ತಿರುಗಿದರು. ಅರ್ಥವಾಗದವರೂ ತಿರುಗಿದರು.

"ಚರಗ ಚೆಲ್ಲಿದ ಹೊಲಾ ಬಿಟ್ಟು ಯಾರರೆ ಹೋಗತಾರೇನ?" ಎಂದಳು ನನ್ನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. "ಬೆಳಿ ಬರೂ ತನಕಾ ಕುಂದರಬೇಕು."

ಮುಂದಿನ ಬೇಸಿಗೆಗೆ ಬಟಾಟೆ ಬಂತು. ಆಮೇಲೆ ಮತ್ತೆ ಬಿತ್ತಿದೆವು. ಊರು ಇವತ್ತಿಗೂ ಜಗ್ಗುತ್ತದೆ, ಅದರಲ್ಲೂ ಚಳಿ ಬಿದ್ದಾಗ. ಆದರೆ ಹೊಲದಲ್ಲಿ ಏನಾದರೊಂದು ಇದ್ದೇ ಇರುತ್ತದೆ, ಹೇಗೆ ಬಿಟ್ಟು ಹೋಗುವುದು?

ಎಲ್ಲ ಖರೆ ಎಂದೆನಲ್ಲ, ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿದ್ದು. ನೆಲ ಒಗ್ಗವಲ್ದು, ಊರಿಗೆ ಹೋಗತೀನಿ ಎಂದು ಎಳ್ಳಮಾಸಿ ತನಕ ಹಟ ಹಿಡಿದು, ಗುಡಿಸಲಿನಲ್ಲಿ ಎಲ್ಲರೆದುರು ಕಣ್ಣೊರೆಸಿಕೊಂಡವಳು ನನ್ನ ಹೆಂಡತಿ ಎಂದು ಬರೆದಿದ್ದೇನೆ. ಆಕೆಯಲ್ಲ, ಈ ಗಟ್ಟಿ ಆಳು. ಆಕೆ ಬಂದ ವಾರದಲ್ಲೇ ಕಿಟಕಿಗಳ ಅಳತೆ ತೆಗೆದು ಪರದೆ ಹೊಲಿಯಲು ಹಾಕಿದ್ದಳು.