ನಾಗಪತಿ ಮಾತ್ರೆ ತಿಂದನೇ?

ಬೆಳಿಗ್ಗೆ ಏಳೂಕಾಲಿಗೆ, ಕುಮಟೆಗೆ ಹೊರಡಲೆಂದು ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ನಾಗಪತಿಯ ಕೈ ಮೂರನೇ ಗುಂಡಿಯ ಮೇಲೆ ನಿಂತುಬಿಟ್ಟಿತು. ಇವತ್ತಿನ ಬಿ.ಪಿ. ಮಾತ್ರೆ ತಿಂದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಬೇರೆ ದಿನವಾಗಿದ್ದರೆ ಅವನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಕುಮಟೆಯ ಉಚಿತ ಕಣ್ಣಿನ ಶಿಬಿರದ ದಿನ. ವರ್ಷಕ್ಕೆ ಒಂದೇ ಸಲ, ನಲವತ್ತೇ ಜನಕ್ಕೆ ಆಪರೇಶನ್ನು. ಹೋದ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ಇದೇ ಶಿಬಿರದವರು ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, "ಮೊದಲು ಬಿ.ಪಿ. ಇಳಿಸಿಕೊಂಡು ಬನ್ನಿ" ಎಂದು ವಾಪಸ್ಸು ಕಳಿಸಿದ್ದರು. ಮಾವಿನಕುರ್ವೆಯಲ್ಲಿ ಹರಿದ ಬಲೆ ಕಟ್ಟುವುದರಲ್ಲಿ ನಾಗಪತಿಯದು ಎತ್ತಿದ ಕೈ. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಕಳೆದ ತಿಂಗಳು ಅವನು ಕಟ್ಟಿಕೊಟ್ಟ ಬಲೆಯಲ್ಲಿ ಎಮ್ಮೆಕರು ನುಸುಳುವಷ್ಟು ದೊಡ್ಡ ತೂತು ಹಾಗೆಯೇ ಉಳಿದಿತ್ತು. ಬೋಟಿನ ಮಾಲೀಕ ದೇವರಾಜ ಮುಂದಿನ ಬಲೆಯನ್ನು ಬೇರೆಯವರಿಗೆ ಕೊಟ್ಟ. ನಾಗಪತಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಐವತ್ತೆರಡು ವರ್ಷದವನಿಗೆ ಬಲೆ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ.

"ಗಂಗೇ, ನಾ ಇವತ್ತು ಮಾತ್ರೆ ತಿಂದ್ನನೇ?" ಎಂದು ಹೆಂಡತಿಯನ್ನು ಕೂಗಿದ.

"ತಿಂದ ಬಾಯಿ ನಿಮ್ದು. ನನ್ನ ಕೇಳೂದಾ?" ಎನ್ನುತ್ತ ಗಂಗೆ ಅಡಿಗೆಮನೆಯಿಂದ ಬಂದಳು. ಬಂದವಳೇ ನೇರ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. ಅದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಗಂಡನ ಮರೆವಿಗೆ ಮದ್ದೆಂದು ಅವಳೇ ಮಾತ್ರೆಯ ಸ್ಟ್ರಿಪ್ಪನ್ನು ಅದರ ಹಿಂದೆ ಸಿಕ್ಕಿಸಿ, ಮಾತ್ರೆ ನುಂಗಿದ ಕೂಡಲೇ ನಿನ್ನೆಯ ಹಾಳೆ ಹರಿಯಬೇಕೆಂಬ ಕಾನೂನು ಮಾಡಿದ್ದಳು. ಹಾಳೆ ಹರಿದಿದ್ದರೆ ಮಾತ್ರೆ ಹೊಟ್ಟೆಯಲ್ಲಿದೆ ಎಂದು ಲೆಕ್ಕ.

"ಹಾಳೆ ಹರ್ದದೆ. ತಿಂದಾಗದೆ."

"ಹರ್ದಿದ್ದು ನೆನಪಿಲ್ವೇ."

"ನಿನ್ನೆ ಉಂಡಿದ್ದು ಮರ್ತು ಮತ್ತೊಂದ್ಸಲ ಉಂಡ್ರಿ. ನಿಮ್ಮ ನೆನಪು ಕಟ್ಕಂಡು ಎಂತ ಮಾಡೂದು?" ಗಂಗೆ ಸ್ಟ್ರಿಪ್ ತೆಗೆದು ಎಣಿಸಿದಳು. "ಸೋಮವಾರ ಹೊಸದು ಸುರು ಮಾಡಿದ್ದು, ಹತ್ತು. ಇವತ್ತು ಶನಿವಾರ. ಆರು ಹೋಗದೆ, ನಾಲ್ಕು ಅದೆ. ಬರೋಬರಿ ಆತಲ್ಲ!"

ಇಷ್ಟಾದ ಮೇಲೆ ಯಾರಾದರೂ ಒಪ್ಪಬೇಕು. ನಾಗಪತಿಯೂ ಒಪ್ಪಿದ. ಆದರೆ ನಾಲಿಗೆ ಒಪ್ಪಲಿಲ್ಲ. ಆ ಮಾತ್ರೆಗೆ ಒಂದು ಕಹಿ ಇತ್ತು, ಆ ಕಹಿ ಬಾಯಲ್ಲಿ ಇರಲಿಲ್ಲ. ಹೊನ್ನಾವರದ ಡಾಕ್ಟರು ಮಾತ್ರೆ ಬರೆದುಕೊಟ್ಟಾಗ, "ದಿನಾ ಒಂದೇ ಹೊತ್ತಿಗೆ ತಿನ್ನಿ, ತಿಂಗಳಿಗೊಮ್ಮೆ ಬಂದು ಬಿ.ಪಿ. ತೋರಿಸಿ" ಎಂದಿದ್ದರು. ಹಾಳೆ ದಿನವೂ ತಪ್ಪದೆ ಹರಿದಿರುವಾಗ ತೋರಿಸುವುದು ಏನಿದೆ ಎಂದು ಇವನು ಆ ಕಡೆ ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬೇಲಿ ದಾಟಿತ್ತು. ಪಕ್ಕದ ಮನೆಯ ಮೀನು ಮಾರುವ ಲಕ್ಕಿ ಬುಟ್ಟಿ ಇಳಿಸಿ ಒಳಗೇ ಬಂದಳು.

"ತಿಂದ್ರೆ ಎಂತ, ಬಿಟ್ರೆ ಎಂತ ನಾಗಪತಣ್ಣ? ಹಸಿ ಬೆಳ್ಳುಳ್ಳಿ ತಿನ್ನು. ನಮ್ಮ ಮಾವ ಬೆಳ್ಳುಳ್ಳಿ ತಿಂದೇ ಎಂಬತ್ತು ವರ್ಷ ಬದುಕ್ದ."

"ನಿಮ್ಮ ಮಾವಂಗೆ ಬಿ.ಪಿ. ಇತ್ತಾ?"

"ಇದ್ದಿದ್ರೆ ತೊಂಬತ್ತು ಬದುಕ್ತಿದ್ದ!"

ಈ ಮಾತಿಗೆ ಅರ್ಥ ಹುಡುಕುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ನಾಗಪತಿ ಎಂಟು ಎಸಳು ಬೆಳ್ಳುಳ್ಳಿ ಜಗಿದು ಕಣ್ಣೀರು ಸುರಿಸಿದ. ಮೈ ತಂಪಾಗಲೆಂದು ಲಕ್ಕಿ ಒಂದು ಬಾಟಲಿ ಮುರುಗಲು ಹುಳಿಯ ಪಾನಕವನ್ನೂ ಕೊಟ್ಟಳು. "ಉಪ್ಪು ಜೋರಾಗೇ ಹಾಕಿದ್ದೆ. ಇಲ್ದಿದ್ರೆ ಕುಡೂಕೆ ರುಚಿ ಇಲ್ಲ" ಎಂದು ಧೈರ್ಯ ಹೇಳಿದಳು. ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದು ಗಂಗೆಗೆ ನೆನಪಾಗುವ ಹೊತ್ತಿಗೆ ಅರ್ಧ ಬಾಟಲಿ ಖಾಲಿಯಾಗಿತ್ತು.

ಜೊತೆಗೆ ಹೊರಟವನು ಎದುರುಮನೆಯ ಹಮ್ಮ. ಚಿಕ್ಕ ದೋಣಿಯಲ್ಲಿ ಹೊಳೆಮೀನು ಹಿಡಿಯುವವನು, ನಾಗಪತಿಯ ಬಾಲ್ಯದ ಗೆಳೆಯ. ಅವನ ಮನೆಯಲ್ಲಿ ಕ್ಯಾಲೆಂಡರು ಇರಲಿಲ್ಲ. ಹೊಳೆಯ ಉಬ್ಬರ ಇಳಿತ ಲೆಕ್ಕ ಹಾಕಲು ಬೆಳಗಿನ ಜಾವ ನಾಗಪತಿಯ ಮನೆಗೇ ಬಂದು ತಿಥಿ ನೋಡಿಕೊಂಡು ಹೋಗುತ್ತಿದ್ದ. ಓಣಿಗೊಂದು ಕ್ಯಾಲೆಂಡರ್ ಸಾಕು ಎನ್ನುವುದು ಅವನ ಸಿದ್ಧಾಂತ. ಕಣ್ಣು ಕಾಣದ ಗಂಡನನ್ನು ಅವನ ಕೈಗೊಪ್ಪಿಸಿ, ಸ್ಟ್ರಿಪ್ಪನ್ನು ಚೀಲಕ್ಕೆ ಹಾಕಿ, "ಹಮ್ಮಣ್ಣ, ಬಸ್ಸು ಸರಿ ನೋಡಿ ಹತ್ತಿಸು" ಎಂದು ಗಂಗೆ ಬೇಡಿಕೊಂಡಳು.

ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಹಮ್ಮ ಕಣ್ಣು ಕಿರಿದು ಮಾಡಿ ಒಂದು ಬಸ್ಸಿನ ಬೋರ್ಡನ್ನು ದಿಟ್ಟಿಸಿದ. "ಕುಮಟಾ, ಹತ್ತು" ಎಂದ. ಹತ್ತಿ ಕುಳಿತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಸ್ಸು ಶರಾವತಿಯ ಉದ್ದ ಸೇತುವೆಯ ಮೇಲಿತ್ತು.

"ಹಮ್ಮಾ, ಕುಮಟೆಗೆ ಹೋಗೂಕೆ ಹೊಳೆ ಎಂತಕ್ಕೆ ದಾಟ್ತದ್ಯೋ?"

ಹಮ್ಮ ಕಿಟಕಿಯಾಚೆ ನೋಡಿದ. "ಬೋರ್ಡು ಮಂಜಾಗಿತ್ತು ಮಾರಾಯ. ಈಗೀಗ ಬೋರ್ಡಿಗೆ ಒಳ್ಳೆ ಬಣ್ಣವೇ ಹೊಡೆಯೂದಿಲ್ಲ."

ಅದು ಭಟ್ಕಳದ ಬಸ್ಸು. ಸೇತುವೆಯಾಚೆ ಇಳಿದು, ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದು, ಕುಮಟೆಗೆ ಹೋಗುವ ಬಸ್ಸನ್ನು ಈ ಸಲ ನಾಲ್ಕು ಜನರ ಹತ್ತಿರ ಕೇಳಿಕೊಂಡು ಹತ್ತಿದರು. ಬಸ್ಸು ಹಳದೀಪುರಕ್ಕೆ ಬರುವಾಗ ಗಂಟೆ ಹತ್ತೂವರೆ. ನಾಗಪತಿಯ ಹೊಟ್ಟೆಯಲ್ಲಿ ಬೆಳ್ಳುಳ್ಳಿ ಉರಿಯುತ್ತಿತ್ತು, ತಲೆಯಲ್ಲಿ ಬೆಳಗಿನ ಪ್ರಶ್ನೆ ಕೊರೆಯುತ್ತಿತ್ತು.

"ಹಮ್ಮಾ, ಬೆಳಿಗ್ಗೆ ನೀ ತಿಥಿ ನೋಡೂಕೆ ಬಂದಾಗ ನಾ ಮಾತ್ರೆ ತಿಂತಾ ಇದ್ನಾ? ನೋಡಿದ್ಯಾ?"

"ಇಲ್ಲ. ನೀ ಗೊರಕೆ ಹೊಡೀತಿದ್ದೆ."

"ಕ್ಯಾಲೆಂಡರ್ ಹಾಳೆ ಹರ್ದಿತ್ತಾ?"

"ಇಲ್ಲ. ಅದು ನಾನೇ ಹರ್ದಿದ್ದು."

"ನೀ ಎಂತಕ್ಕೆ ಹರ್ದೆ?"

"ಮಾತ್ರೆ ತಿಂದ ಕೂಡ್ಲೆ ಹಾಳೆ ಹರೀಬೇಕು ಅಂತ ನೀನೇ ಅಲ್ದಾ ಹೇಳಿದ್ದು?"

"ಯಾರು ತಿಂದ ಮಾತ್ರೆ?"

"ನಾ ತಿಂದ ಮಾತ್ರೆ. ಚೌತಿ ದಿನ ನಂಗೆ ತಲೆ ತಿರುಗ್ದಾಗ ಕ್ಯಾಲೆಂಡರ್ ಹಿಂದಿಂದ ನೀನೇ ಒಂದು ಕೊಟ್ಯಲ್ಲ? ಒಂದಿನ ತಿಂದು ಬಿಡೂ ಔಷಧ ಅಲ್ಲ ಇದು, ದಿನಾ ತಿನ್ಬೇಕು ಅಂತ ಡಾಕ್ಟ್ರು ಹೇಳಿದ್ದನ್ನೂ ಹೇಳ್ದೆ. ಅವತ್ತಿಂದ ದಿನಾ ಬೆಳಿಗ್ಗೆ ಐದೂವರೆಗೆ ಬಂದು ತಿಂತೆ. ಒಂದಿನವೂ ತಪ್ಪಿಸ್ಲಿಲ್ಲ." ಹಮ್ಮನ ಮುಖದಲ್ಲಿ ಶಾಲೆಗೆ ಒಂದು ದಿನವೂ ಚಕ್ಕರ್ ಹೊಡೆಯದ ಹುಡುಗನ ಹೆಮ್ಮೆ ಇತ್ತು.

ಚೌತಿಯಿಂದ ಡಿಸೆಂಬರಿನವರೆಗೆ ಮೂರು ತಿಂಗಳಿಗೂ ಹೆಚ್ಚು. ಅಷ್ಟೂ ದಿನ ನಾಗಪತಿ ಏಳು ಗಂಟೆಗೆ ಎದ್ದು, ಹರಿದ ಹಾಳೆ ನೋಡಿ, ನಿದ್ದೆಗಣ್ಣಲ್ಲೂ ಮಾತ್ರೆ ಮರೆಯದ ತನ್ನ ಶಿಸ್ತಿಗೆ ತಾನೇ ಬೆರಗಾಗಿ, ಚಹಾ ಕುಡಿಯಲು ಕುಳಿತಿದ್ದ. ಗಂಗೆಯ ಎಣಿಕೆ ಯಾಕೆ ಅಷ್ಟು ಬರೋಬರಿ ಬರುತ್ತಿತ್ತು ಎನ್ನುವುದು ಈಗ ಗೊತ್ತಾಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

"ನಾ ಕೊಟ್ಟಿದ್ದು ಒಂದು ಮಾತ್ರೆ ಕಣೋ, ಒಂದು!" ಎಂದು ನಾಗಪತಿ ಕೂಗಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಕೂಗಿದವನೇ ಚೀಲಕ್ಕೆ ಕೈ ಹಾಕಿ ಉಳಿದ ನಾಲ್ಕೂ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡ. "ತಪ್ಪಿದ್ದೆಲ್ಲ ಈಗ್ಲೇ ನುಂಗ್ತೆ. ಕುಮಟಾ ಮುಟ್ಟೂದ್ರೊಳಗೆ ಬಿ.ಪಿ. ಇಳೀಲಿ."

"ಬೇಡ ಮಾರಾಯ! ತಪ್ಪಿದ್ದಕ್ಕೆ ಎರಡೆರಡು ನುಂಗೂಕಾಗ ಅಂತ ಡಾಕ್ಟ್ರು ಹೇಳಿದ್ದಲ್ದಾ?" ಹಮ್ಮ ಅವನ ಮುಷ್ಟಿ ಹಿಡಿದುಕೊಂಡ. ನಾಗಪತಿಯ ಡಾಕ್ಟರು ನಾಗಪತಿಗೆ ಹೇಳಿದ್ದೆಲ್ಲ ಹಮ್ಮನಿಗೆ ಬಾಯಿಪಾಠವಾಗಿತ್ತು. ಕೈ ಜಗ್ಗಾಟ ನೋಡಿ ಕಂಡಕ್ಟರು ಓಡಿ ಬಂದ. ಸಂಗತಿ ಕೇಳಿ, "ನಾಲ್ಕು ನುಂಗಿದ್ರೆ ಕುಮಟಾದಲ್ಲಿ ನೀವು ಇಳಿಯೂದಿಲ್ಲ, ನಾವು ಇಳಿಸ್ಬೇಕಾಗ್ತದೆ" ಎಂದ. "ಇವತ್ತಿಂದು ಒಂದು ತಿನ್ನಿ. ಉಳಿದಿದ್ದು ಚೀಲಕ್ಕೆ ಹಾಕಿ. ನಮ್ಮಮ್ಮಂಗೂ ಇದೇ ಮಾತ್ರೆ, ನಂಗೆ ಗೊತ್ತದೆ."

ನಾಗಪತಿ ಒಂದನ್ನು ನುಂಗಿದ. ಕಹಿ ಹೋಗಲೆಂದು ಮುರುಗಲು ಪಾನಕದ ಉಳಿದ ಉಪ್ಪನ್ನೂ ಕುಡಿದ.

ಶಿಬಿರ ನಡೆದದ್ದು ಒಂದು ಶಾಲೆಯಲ್ಲಿ. ಇವರು ಮುಟ್ಟುವಾಗ ಹನ್ನೊಂದೂವರೆ. ಮೊದಲೇ ಹೆಸರು ಕೊಟ್ಟಿದ್ದರಿಂದ ಪಟ್ಟಿಯಲ್ಲಿ ನಾಗಪತಿಯ ಹೆಸರು ನಲವತ್ತನೆಯದಾಗಿ ಭದ್ರವಾಗಿತ್ತು. ಡಾಕ್ಟರಮ್ಮ ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಲು ಬಗ್ಗಿದವರು ಹಾಗೆಯೇ ಕುರ್ಚಿಯನ್ನು ಎರಡಡಿ ಹಿಂದೆ ಸರಿಸಿದರು.

"ಏನು ತಿಂದು ಬಂದಿದ್ದೀರಿ?"

"ಬೆಳ್ಳುಳ್ಳಿ. ಎಂಟೇ ಎಸಳು."

ಬಿ.ಪಿ. ನೋಡಿದರು. ನೂರ ತೊಂಬತ್ತು, ನೂರ ಹತ್ತು. ಬಸ್ಸಿನಲ್ಲಿ ಬಂದ ಗಾಬರಿ ಇರಬಹುದು, ಅರ್ಧ ಗಂಟೆ ಸುಮ್ಮನೆ ಕೂತಿರಿ ಎಂದರು. ನಾಗಪತಿ ಕಣ್ಣು ಮುಚ್ಚಿ, ದೇವರ ಹೆಸರು ಹೇಳುತ್ತ ಕುಳಿತ. ನಡುನಡುವೆ ದೇವರ ಹೆಸರಿನ ಜಾಗದಲ್ಲಿ ಹಮ್ಮನ ಹೆಸರು ಬಂದು ರಕ್ತ ಕುದಿಯುತ್ತಿತ್ತು. ಅರ್ಧ ಗಂಟೆಯ ಮೇಲೆ ನೋಡಿದರೆ ನೂರ ಎಂಬತ್ತಾರು.

"ಇಷ್ಟು ಬಿ.ಪಿ. ಇಟ್ಟುಕೊಂಡು ಕಣ್ಣಿಗೆ ಕೈ ಹಾಕೋಕಾಗಲ್ಲ. ಮುಂದಿನ ಸಲ ಬನ್ನಿ."

"ಅಮ್ಮಾ, ಹೋದ ವರ್ಷವೂ ಹೀಂಗೇ ಹೇಳಿದ್ರಿ. ಬಲೆ ಕಟ್ಟೂಕೆ ಕಾಣೂದಿಲ್ಲ. ಇನ್ನೊಂದ್ವರ್ಷ ಹೆಂಗೆ ಕೈ ಕಟ್ಟಿ ಕೂತ್ಕಳ್ಳೂದು?" ನಾಗಪತಿ ಹೊಸ ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡ. ಡಾಕ್ಟರಮ್ಮನಿಗೂ ಪಾಪ ಅನ್ನಿಸಿತು. ಆದರೆ ಅವರು ಒಪ್ಪಲಿಲ್ಲ.

ಗೆಳೆಯನ ಕಣ್ಣಲ್ಲಿ ನೀರು ನೋಡಿ ಹಮ್ಮನಿಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ, "ನಿಮ್ಮ ಮಿಷನ್ನೇ ಸರಿ ಇಲ್ಲ ಅಮ್ಮಾ. ಬೇಕಾದ್ರೆ ನನ್ನ ಕೈಗೆ ಕಟ್ಟಿ ನೋಡಿ, ನಂಗೂ ಅಷ್ಟೇ ತೋರಿಸ್ತದೆ!" ಎಂದು ತೋಳು ಚಾಚಿದ. ವಾದ ಮುಗಿಯಲಿ ಎಂದು ಸಿಸ್ಟರು ಪಟ್ಟಿ ಕಟ್ಟಿದರು. ನೂರ ಇಪ್ಪತ್ತಾರು, ಎಂಬತ್ತು.

"ನೋಡಿ, ಬಿ.ಪಿ. ಅಂದ್ರೆ ಹೀಗಿರಬೇಕು" ಎಂದರು ಡಾಕ್ಟರಮ್ಮ. "ಮಾತ್ರೆ ತಗೋತೀರಾ?"

"ದಿನಾ ಬೆಳಿಗ್ಗೆ ಐದೂವರೆಗೆ."

"ಅದು ನನ್ನ ಮಾತ್ರೆ!" ನಾಗಪತಿ ಎದ್ದು ನಿಂತು ಚೌತಿಯಿಂದ ಇಲ್ಲಿಯವರೆಗಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನ್ಯಾಯ ತನ್ನ ಕಡೆಗಿದೆ ಎಂಬ ಧೈರ್ಯ ಅವನಿಗೆ. ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಬೈದರು. "ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡೋದು ಅಂದ್ರೇನು? ಇವರಿಗೆ ಏನೋ ಅದೃಷ್ಟಕ್ಕೆ ಹೊಂದಿತು. ಹೊಂದದೇ ಇದ್ದಿದ್ದರೆ ನಡುಹೊಳೆಯಲ್ಲಿ ದೋಣಿಯಿಂದ ಬಿದ್ದಿರ್ತಿದ್ದರು. ಇನ್ನು ಮೇಲೆ ನಿಮ್ಮದು ನಿಮಗೆ, ಅವರದು ಅವರಿಗೆ." ಹಮ್ಮನನ್ನು ಸರಿಯಾಗಿ ಪರೀಕ್ಷೆ ಮಾಡಿ ಅವನ ಹೆಸರಿನಲ್ಲೇ ಬೇರೆ ಚೀಟಿ ಬರೆದರು. ಬರೆಯುತ್ತ ಅವನ ಮುಖ ನೋಡಿದವರು ಬ್ಯಾಟರಿ ಕೈಗೆತ್ತಿಕೊಂಡರು.

"ನಿಮ್ಮ ಎಡಗಣ್ಣಿನ ಪೊರೆ ಪೂರ್ತಿ ಹಣ್ಣಾಗಿದೆಯಲ್ಲ! ಬೋರ್ಡು ಗೀರ್ಡು ಕಾಣುತ್ತಾ?"

"ಬೋರ್ಡಿಗೆ ಒಳ್ಳೆ ಬಣ್ಣವೇ..."

"ಬಣ್ಣದ್ದಲ್ಲ, ಕಣ್ಣಿಂದು. ಬಿ.ಪಿ. ಸರಿ ಇದೆ, ಸಕ್ಕರೆಯೂ ನೋಡಿಬಿಡೋಣ. ನಲವತ್ತನೇ ಜಾಗ ಈಗ ಖಾಲಿ ಆಯ್ತು, ಬೇರೆ ಯಾರೂ ಉಳಿದಿಲ್ಲ. ಇವತ್ತೇ ಸೇರಿಕೊಳ್ಳಿ, ನಾಳೆ ಬೆಳಿಗ್ಗೆ ಆಪರೇಶನ್."

"ನಾ ಬರೀ ಜೊತೆಗೆ ಬಂದವ!" ಎಂದು ಹಮ್ಮ ಹಿಂದೆ ಸರಿದ. ನಾಗಪತಿಯ ಮುಖ ನೋಡಿದ. ನೆಲ ನೋಡಿದ. ಕೊನೆಗೆ ಮೆಲ್ಲಗೆ, "ಎಂತ ಮಾಡೂದಾ? ಅಷ್ಟು ದೊಡ್ಡ ಡಾಕ್ಟ್ರು ಹೇಳೂವಾಗ ಬೇಡ ಅಂದ್ರೆ ಅವ್ರಿಗೆ ಬೇಜಾರಾಗ್ತದೆ" ಎಂದ. ಸಿಸ್ಟರು ಪಟ್ಟಿಯಲ್ಲಿ ನಾಗಪತಿಯ ಹೆಸರು ಹೊಡೆದು ಅದರ ಮೇಲೆಯೇ ಹಮ್ಮನ ಹೆಸರು ಬರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ತುತ್ತು ಬಾಯಿಗೇನೋ ಬಂತು, ಪಕ್ಕದವನ ಬಾಯಿಗೆ.

ನಾಗಪತಿ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿದ್ದ. ಸಿಸ್ಟರು ಕರೆದರು.

"ಎಲ್ಲಿ ಹೊರಟಿರಿ? ಪೇಶೆಂಟಿನ ಜೊತೆ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಸೇರಿಸಿಕೊಳ್ಳೋದಿಲ್ಲ. ಅವರಿಗೆ ನಿಮ್ಮನ್ನು ಬಿಟ್ಟು ಇಲ್ಲಿ ಯಾರಿದ್ದಾರೆ?"

ನಾಗಪತಿ ಹಿಂತಿರುಗಿ ನೋಡಿದ. ನಲವತ್ತನೇ ಹಾಸಿಗೆಯ ತುದಿಯಲ್ಲಿ ಹಮ್ಮ ಬಲಿಗೆ ಕಟ್ಟಿದ ಕುರಿಯಂತೆ ಮುದುಡಿ ಕುಳಿತಿದ್ದ. ಎಷ್ಟು ಸಿಟ್ಟಿದ್ದರೂ ಅವನನ್ನು ಹಾಗೆ ಬಿಟ್ಟುಹೋಗಲು ನಾಗಪತಿಯ ಕಾಲು ಏಳಲಿಲ್ಲ. ಒಬ್ಬನಿಗಾದರೂ ಕಣ್ಣು ಬರಲಿ ಎಂದುಕೊಂಡು ಚೀಲ ಕೆಳಗಿಟ್ಟ. ಸಿಸ್ಟರು ಅವನ ಕೈಗೆ ಹಮ್ಮನ ಕಣ್ಣಿಗೆ ಬಿಡುವ ಔಷಧದ ಸೀಸೆ ಕೊಟ್ಟು, ಫಾರಂ ತುಂಬತೊಡಗಿದರು.

"ಪೇಶೆಂಟಿಗೆ ನೀವು ಏನಾಗಬೇಕು?"

"ಎಂತ ಹೇಳೂದು ಸಿಸ್ಟರ್? ಇವತ್ತು ನಾನೇ ಪೇಶೆಂಟ್ ಆಗ್ಬೇಕಿತ್ತು."

ಸಿಸ್ಟರು 'ಸ್ನೇಹಿತ' ಎಂದು ಬರೆದುಕೊಂಡು ಹೋದರು. ನಾಗಪತಿ ಸ್ಟೂಲಿನ ಮೇಲೆ ಕುಳಿತು ಇನ್ನೂ ಉಸಿರು ಬಿಟ್ಟಿರಲಿಲ್ಲ, ಹಮ್ಮ ದಿಂಬಿಗೆ ತಲೆ ಕೊಟ್ಟು ಕಾಲು ಚಾಚಿದ.

"ನಾಗಪತೀ, ನಾಳೆ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಎಬ್ಬಿಸು ಹಾಂ. ನಂಗೆ ಮಾತ್ರೆ ತಿನ್ನೂಕದೆ."